ಎಂಟನೇ ಇಟ್ಟಿಗೆ

ಲಾ ಪಾಸ್ ಊರಿನಲ್ಲಿ ದುಡ್ಡಿದ್ದವರು ಕೆಳಗಿಳಿಯುತ್ತಾರೆ, ಇಲ್ಲದವರು ಮೇಲೆ ಹತ್ತುತ್ತಾರೆ. ಕೆಳಗೆ ಬೆಚ್ಚಗಿನ ಬಿಸಿಲು, ಹುಲ್ಲುಹಾಸು, ನಾಯಿಗೂ ಸ್ವೆಟರು. ಮೇಲೆ ಗುಡ್ಡದ ಮೈಗೆ ಉಣ್ಣೆಯಂತೆ ಕಚ್ಚಿಕೊಂಡ ಇಟ್ಟಿಗೆ ಮನೆಗಳು. ನಿಕೊಲಾಸಾ ಯುಹ್ರಾ ಮೂವತ್ತು ವರ್ಷ ಕೆಳಗಿನವರ ಮನೆಗಳಿಗೆ ಇಟ್ಟಿಗೆ ಹೊತ್ತಳು. ಭಾನುವಾರ ತನ್ನ ಮನೆಗೆ ಹೊತ್ತಳು. ಅವಳ ಮನೆಗೆ ರಸ್ತೆಯಿಲ್ಲ, ಮೆಟ್ಟಿಲು. ಕತ್ತೆಯೂ ಹತ್ತದ ಮೆಟ್ಟಿಲು. ಇಟ್ಟಿಗೆ, ಮರಳು, ಸಿಮೆಂಟು, ತಗಡು, ಬಾಗಿಲು, ಎಲ್ಲವೂ ಅವಳ ಬೆನ್ನಿನ ಮೇಲೆ, ಪಟ್ಟೆಪಟ್ಟೆಯ ಹೊರೆಬಟ್ಟೆಯಲ್ಲಿ ಕಟ್ಟಿಕೊಂಡು ಮೇಲೆ ಬಂದವು. ಗಂಡ ಗಣಿ ಕೆಲಸಕ್ಕೆ ಹೋದವನು ವಾಪಸ್ಸು ಬರಲಿಲ್ಲ. ಸತ್ತನೋ, ಇನ್ನೊಬ್ಬಳ ಜೊತೆ ಬದುಕಿದ್ದಾನೋ ಎಂದು ಅವಳು ವಿಚಾರಿಸಲೂ ಹೋಗಲಿಲ್ಲ. ಗೋಡೆ ಏಳುವುದಿತ್ತು.

ಎರಡು ಕೋಣೆ, ಒಂದು ಅಡುಗೆಮನೆ ಎದ್ದವು. ಅವಳ ಮೊಣಕಾಲು ಬಿದ್ದವು.

ಆರೋಗ್ಯ ಕೇಂದ್ರದ ಡಾಕ್ಟರು ಮೊಣಕಾಲನ್ನು ಒತ್ತಿ ನೋಡಿ, "ಸವೆದುಹೋಗಿದೆ ಕಣಮ್ಮ. ಇನ್ನು ಮೆಟ್ಟಿಲು ಹತ್ತಬಾರದು" ಎಂದ.

"ಹಂಗಾದ್ರೆ ಮನೆಗೆ ಹಾರ್ಕೊಂಡು ಹೋಗ್ಲಾ ಡಾಕ್ಟರೇ?" ಎಂದಳು ನಿಕೊಲಾಸಾ.

ಮನೆ ಮಾರುವುದು ಎಂದಾಯಿತು. ಗುಡ್ಡದ ನೆತ್ತಿ ದಾಟಿದರೆ ಎಲ್ ಆಲ್ಟೊ ಊರಿನ ಬಯಲು, ಚಪ್ಪಟೆ ನೆಲ. ಅಲ್ಲಿ ಅವಳ ತಂಗಿಯ ಮನೆ ಪಕ್ಕ ಒಂದು ಚೂರು ಜಾಗ, ಒಂದು ಕೋಣೆ ಮಾರಾಟಕ್ಕಿತ್ತು. ನಿಕೊಲಾಸಾ ತನ್ನ ಗೋಡೆಯ ಮೇಲೆ ಸುಣ್ಣದಲ್ಲಿ 'ಈ ಮನೆ ಮಾರಾಟಕ್ಕಿದೆ' ಎಂದು ಬರೆಸಿದಳು. ಮೆಟ್ಟಿಲ ಬುಡದಲ್ಲಿ ನೇರಳೆ ಜೋಳದ ಬಿಸಿ ಗಂಜಿ ಮಾರುವ ಬಸಿಲಿಯಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾರು ಓದ್ಲಿ ಅಂತ ಬರೆಸಿದ್ಯೇ? ಈ ಮೆಟ್ಲು ಹತ್ತಿ ಬರೋರು ಇಬ್ರೇ. ಸಾಲ ಕೇಳೋನು, ಓಟು ಕೇಳೋನು. ಇಬ್ರೂ ಮನೆ ಕೊಳ್ಳಲ್ಲ."

ಬಸಿಲಿಯಾಳೇ ದಾರಿ ಹೇಳಿದ್ದು. ಪೇಟೆ ಬೀದಿಯಲ್ಲಿ ಮನೆ ಮಾರಿಸಿಕೊಡುವ ಆಫೀಸಿದೆ, ಗಾಜಿನ ಬಾಗಿಲಿನದು, ಅಲ್ಲಿಗೆ ಹೋಗು ಎಂದು.

ಗಾಜಿನ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಅವಳ ಪದರ ಪದರದ ಲಂಗ, ದುಂಡು ಟೋಪಿ, ಬೆನ್ನಿನ ಗಂಟು ನೋಡಿ, "ಸಾಮಾನು ತರೋರು ಹಿಂದಿನ ಬಾಗ್ಲಿಂದ" ಎಂದ.

"ಸಾಮಾನು ತಂದಿಲ್ಲಪ್ಪ, ಮನೆ ತಂದಿದೀನಿ" ಎಂದಳು.

ಒಳಗೆ ಫಬ್ರಿಸಿಯೊ ಎಂಬ ಏಜೆಂಟು ಕೂತಿದ್ದ. ಮೂವತ್ತರ ಹರೆಯ, ಚೂಪು ಬೂಟು, ಕೋಣೆ ತುಂಬುವಷ್ಟು ಸೆಂಟು. ಓದಿದವರನ್ನೆಲ್ಲ ಅಲ್ಲಿ ಲಿಸೆನ್ಸಿಯಾದೊ ಎಂದು ಕರೆಯುತ್ತಾರೆ. ಅವನು ಓದಿದ್ದನೋ ಇಲ್ಲವೋ, ಬೂಟು ಓದಿದಂತಿತ್ತು.

"ಕೂತ್ಕೊ ಅಮ್ಮ. ಎಷ್ಟು ಬೆಡ್‌ರೂಮು?"

"ಎರಡು ಕೋಣೆ ಐತೆ. ಎರಡ್ರಲ್ಲೂ ನಿದ್ದೆ ಬರ್ತದೆ."

"ಕಾರ್ ನಿಲ್ಸೋಕೆ ಜಾಗ?"

"ಕಾರು ತಂದ್ರೆ ಅದನ್ನೂ ಹೊತ್ಕೊಂಡೇ ಹತ್ತಬೇಕು, ಲಿಸೆನ್ಸಿಯಾದೊ."

ಫಬ್ರಿಸಿಯೊ ನಗಲಿಲ್ಲ. ತನ್ನ ಕೂಲಿಯ ವಿಷಯಕ್ಕೆ ಬಂದ. ದೊಡ್ಡ ಮನೆಗಳಿಗೆ ನೂರಕ್ಕೆ ಮೂರು. ಸಣ್ಣ ಮನೆಗಳಿಗೆ ಆ ಲೆಕ್ಕವಿಲ್ಲ. ಅಲ್ಲಿ ಕನಿಷ್ಠ ಶುಲ್ಕ ಎಂದು ಒಂದಿದೆ, ಅದಕ್ಕಿಂತ ಕಡಿಮೆ ಆಫೀಸು ಮುಟ್ಟುವುದಿಲ್ಲ. ಅದು ಎಷ್ಟೆಂದು ಹೇಳಿದ. ನಿಕೊಲಾಸಾಗೆ ದುಡ್ಡಿನ ಲೆಕ್ಕಕ್ಕಿಂತ ಇಟ್ಟಿಗೆಯ ಲೆಕ್ಕ ಬೇಗ ಬರುತ್ತಿತ್ತು. ಅವಳು ತುಟಿ ಅಲ್ಲಾಡಿಸಿದಳು.

"ಅಂದ್ರೆ ನನ್ನ ಮನೇಲಿ ಎಂಟು ಇಟ್ಟಿಗೆಗೆ ಒಂದು ನಿಮ್ದು."

"ಹಾಗಲ್ಲಮ್ಮ..."

"ಕೆಳಗಡೆ ಈಜುಕೊಳ ಇರೋ ಮನೆಯವನಿಗೆ ನೂರಕ್ಕೆ ಮೂರು. ನಂಗೆ ಎಂಟಕ್ಕೆ ಒಂದು. ನಾನೂ ಒಂದು ಈಜುಕೊಳ ತೋಡಿಸಿದ್ರೆ ಅಗ್ಗ ಆಗ್ತದಾ?"

"ನೋಡಮ್ಮ." ಫಬ್ರಿಸಿಯೊ ಪೆನ್ನು ಕೆಳಗಿಟ್ಟ. "ಮನೆ ಸಣ್ಣದು ಅಂತ ನನ್ನ ಕೆಲಸ ಸಣ್ಣದಾಗಲ್ಲ. ಅದೇ ಜಾಹೀರಾತು, ಅದೇ ಫೋಟೊ, ಅದೇ ನೋಟರಿ. ಕೊಳ್ಳೋರನ್ನ ಕರ್ಕೊಂಡು ನಿನ್ನ ಗುಡ್ಡ ಹತ್ತಬೇಕಾದೋನು ನಾನು. ನಿನ್ನ ಮನೆಯಿಂದ ನೂರಕ್ಕೆ ಮೂರು ಅಂದ್ರೆ ನನ್ನ ಬೂಟಿನ ಅಟ್ಟೆ ಖರ್ಚೂ ಹುಟ್ಟಲ್ಲ."

ಆ ಮಾತಿನಲ್ಲಿ ಹುರುಳಿತ್ತು. ಅರಮನೆಗೆ ಹೋಗಲಿ, ಕಕ್ಕಸಿಗೆ ಹೋಗಲಿ, ಸಿಮೆಂಟು ಮೂಟೆಯ ಭಾರ ಒಂದೇ. ಹೊತ್ತವನಿಗೆ ಹೊತ್ತ ಕೂಲಿ. ಇದು ನಿಕೊಲಾಸಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಹುಡುಗ ಹೊರುತ್ತೇನೆ ಅನ್ನುತ್ತಿದ್ದಾನೆ, ಹೊರಲಿ ಎಂದುಕೊಂಡಳು. ಸಹಿ ಮಾಡಿದಳು. ಆರು ತಿಂಗಳು ಮನೆಯನ್ನು ಯಾರು ಮಾರಿದರೂ ಆಫೀಸೇ ಮಾರಿದಂತೆ ಎಂಬ ಮಾತಿಗೂ ಸಹಿ ಬಿತ್ತು. ಮನೆಯ ಮೂಲಪತ್ರಗಳನ್ನು ಫಬ್ರಿಸಿಯೊ ಪರಿಶೀಲನೆಗೆ ಎಂದು ಇಸಿದುಕೊಂಡ.

ಅವನು ಒಂದೇ ಸಲ ಹತ್ತಿದ. ಒಬ್ಬ ಮೇಷ್ಟರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಬಂದ. ಮೂರು ಕಡೆ ಕೂತ. ನಾಲ್ಕನೇ ಕಡೆ ಮಲಗಿಯೇಬಿಡುತ್ತಿದ್ದ, ಬಸಿಲಿಯಾಳ ನಾಯಿ ಮುಖ ನೆಕ್ಕಿದ್ದರಿಂದ ಎದ್ದ. ಮನೆ ಬಾಗಿಲಿಗೆ ಬಂದು ನಿಕೊಲಾಸಾಳನ್ನು ಪಕ್ಕಕ್ಕೆ ಕರೆದು, "ನೀನು ಓನರ್ ಅಂತ ಹೇಳ್ಬೇಡ. ಲಂಗ ಟೋಪಿ ನೋಡಿದ್ರೆ ರೇಟು ಇಳಿಸ್ತಾರೆ. ಸುಮ್ನೆ ಟೀ ಕೊಡು" ಎಂದು ಪಿಸುಗುಟ್ಟಿದ.

ಒಳಗೆ ಹೋಗಿ ಗಟ್ಟಿಯಾಗಿ ಹೇಳಿದ. "ಓನರ್ ಸ್ಪೇನ್‌ನಲ್ಲಿದಾರೆ ಮೇಡಂ. ಇವಳು ಕ್ಲೀನ್ ಮಾಡೋಳು."

ನಿಕೊಲಾಸಾ ತನ್ನ ಒಲೆಯ ಮೇಲೆ ತನ್ನ ನೀರು ಕಾಯಿಸಿ ತನ್ನ ಲೋಟಗಳಲ್ಲಿ ಟೀ ತಂದಳು. ಮೇಷ್ಟರ ಹೆಂಡತಿ ಗೋಡೆಗೆ ಬೆರಳು ಒರೆಸಿ ನೋಡಿದಳು. ಆಮೇಲೆ ನಿಕೊಲಾಸಾಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ಮನೆ ಜೊತೆ ಇವಳೂ ಬರ್ತಾಳಾ?"

ಫಬ್ರಿಸಿಯೊ ಹಲ್ಲು ಬಿಟ್ಟ. "ಅದನ್ನ ಬೇರೆ ಮಾತಾಡಬಹುದು ಮೇಡಂ."

ಟೀ ತಟ್ಟೆ ಇನ್ನೂ ನಿಕೊಲಾಸಾಳ ಕೈಯಲ್ಲೇ ಇತ್ತು. ಆ ಗೋಡೆಯ ಒಂದೊಂದು ಇಟ್ಟಿಗೆಯೂ ಅವಳ ಬೆನ್ನನ್ನು ಮುಟ್ಟಿ ಬಂದಿತ್ತು. ತಟ್ಟೆ ಎತ್ತಿ ಅವನ ತಲೆಗೆ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಚಪ್ಪಟೆ ನೆಲ ಕಣ್ಣ ಮುಂದಿತ್ತು. ನುಂಗಿದಳು. ಮೇಷ್ಟರು ಮನೆ ಕೊಳ್ಳಲಿಲ್ಲ. ಟೀ ಮಾತ್ರ ಎರಡು ಸಲ ಕುಡಿದರು.

ಇದನ್ನು ಕೇಳಿ ಬಸಿಲಿಯಾ ಸೌಟು ಎತ್ತಿದಳು.

"ಸ್ಪೇನ್‌ನಲ್ಲಿರೋ ಆ ಓನರಮ್ಮಂಗೆ ಒಂದು ಮಾತು ಹೇಳೇ, ಬರೋವಾಗ ನಂಗೊಂದು ಶಾಲಿನ ಪಿನ್ನು ತರ್ಲಿ. ಆ ನನ್ಮಗ ಇನ್ನೊಂದ್ಸಲ ಬರ್ಲಿ, ಗಂಜೀಲಿ ಮುಳುಗಿಸಿ ತೆಗೀತೀನಿ."

ಅವನು ಇನ್ನೊಂದು ಸಲ ಬರಲೇ ಇಲ್ಲ. ಫೋನು ಬರುತ್ತಿತ್ತು. "ನಾಳೆ ಇಬ್ರು ಬರ್ತಾರೆ, ತೋರ್ಸು." ಬಂದವರಿಗೆ ದಾರಿ ಗೊತ್ತಿಲ್ಲ. ನಿಕೊಲಾಸಾ ಬುಡದವರೆಗೆ ಇಳಿಯಬೇಕು, ಅವರ ಜೊತೆ ಹತ್ತಬೇಕು, ಮತ್ತೆ ಇಳಿದು ಕಳಿಸಬೇಕು. ಡಾಕ್ಟರು ಹತ್ತಬೇಡ ಎಂದ ಮೆಟ್ಟಿಲನ್ನು ಅವಳು ಕೂಲಿ ಮಾಡುತ್ತಿದ್ದಾಗಲೂ ಅಷ್ಟು ಸಲ ಹತ್ತಿರಲಿಲ್ಲ. ಒಬ್ಬಳು ಬಸುರಿ ಬಂದಳು. ಅರ್ಧಕ್ಕೆ ನಿಂತು ವಾಂತಿ ಮಾಡಿಕೊಂಡಳು. ಅವಳ ಚೀಲ ನಿಕೊಲಾಸಾಳ ಬೆನ್ನಿಗೆ ಬಂತು. ಒಬ್ಬ ಮುದುಕ ಬಂದ. ಅವನೇ ಬೆನ್ನಿಗೆ ಬಂದ. ಮನೆ ನೋಡಿ, ಎತ್ತರ ಜಾಸ್ತಿಯಾಯಿತು ಎಂದು ಹೇಳಿ, ಮತ್ತೆ ಬೆನ್ನೇರಿದ.

ಮೊಣಕಾಲು ಕುಂಬಳಕಾಯಿಯಂತೆ ಊದಿದವು. ಮಧ್ಯಾಹ್ನ ಕೋಕಾ ಎಲೆ ಅರೆದು ಕಟ್ಟಿಕೊಂಡು ಗೋಡೆಗೆ ಕಾಲು ಚಾಚಿ ಕೂತರೆ ಕಣ್ಣು ತಾನಾಗಿ ಇಟ್ಟಿಗೆ ಎಣಿಸುತ್ತಿತ್ತು. ಏಳು ನನ್ನವು, ಒಂದು ಅವನದು. ಏಳು ನನ್ನವು, ಒಂದು ಅವನದು. ಕಿಟಕಿಯ ಮೇಲಿನ ಸಾಲಿನಲ್ಲಿ ಬಿರುಕು ಬಿಟ್ಟ ಒಂದು ಇಟ್ಟಿಗೆ ಇತ್ತು. ಅದನ್ನು ಹೊತ್ತು ತಂದ ದಿನ ಅವಳು ಜಾರಿ ಬಿದ್ದು ಹಲ್ಲು ಮುರಿದುಕೊಂಡಿದ್ದಳು. ಅದೂ ಎಂಟನೆಯದೇ ಆಗಿತ್ತು.

ಕೊನೆಗೆ ಮನೆ ಮಾರಿದ್ದು ಬಸಿಲಿಯಾಳ ಗಂಜಿ. ಗ್ರೋವರ್ ಎಂಬುವನು ಹಬ್ಬದ ಬ್ಯಾಂಡಿನಲ್ಲಿ ಟ್ಯೂಬಾ ಊದುವವನು. ಆನೆಯ ಕರುಳಿನಂಥ ಆ ದೊಡ್ಡ ಹಿತ್ತಾಳೆ ವಾದ್ಯವನ್ನು ಹೆಗಲಿಗೇರಿಸಿಕೊಂಡು ಗಂಜಿ ಕುಡಿಯಲು ನಿಂತಿದ್ದ. ಬಾಡಿಗೆ ಮನೆಯಿಂದ ಮೂರನೇ ಸಲ ಓಡಿಸಿದರು, ಪ್ರಾಕ್ಟೀಸು ಮಾಡಿದರೆ ಪಕ್ಕದವರು ಕಲ್ಲು ಹೊಡೆಯುತ್ತಾರೆ ಎಂದು ಗೋಳಾಡಿದ.

"ಕಲ್ಲು ಹೊಡೆದ್ರೂ ತಾಗದಷ್ಟು ಎತ್ತರದಲ್ಲಿ ಒಂದು ಮನೆ ಐತೆ, ಬೇಕಾ?" ಎಂದಳು ಬಸಿಲಿಯಾ.

ಗ್ರೋವರ್ ಟ್ಯೂಬಾ ಸಮೇತ ಹತ್ತಿದ. ಕೋಣೆ ನೋಡಲಿಲ್ಲ, ಗೋಡೆ ಮುಟ್ಟಲಿಲ್ಲ. ನೇರ ಅಂಗಳಕ್ಕೆ ಹೋಗಿ ಒಮ್ಮೆ ಊದಿದ. ಕಣಿವೆಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. "ಇದೇ ಇರ್ಲಿ ಅಕ್ಕ" ಎಂದ. ನಿಕೊಲಾಸಾ ಹೇಳಿದ ಬೆಲೆಗೆ ಒಪ್ಪಿದ.

ಫಬ್ರಿಸಿಯೊಗೆ ಫೋನು ಮಾಡಿದಳು. ಅವನು ಕುಣಿದಾಡಿದ. "ಮಾರಿಬಿಟ್ವಲ್ಲಮ್ಮ! ನೋಡಿದ್ಯಾ, ಮಾರಿಬಿಟ್ವಿ!"

ನಿಕೊಲಾಸಾ ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. ಆ 'ವಿ' ಎಲ್ಲಿಂದ ಬಂತು ಎಂದು ಅವಳಿಗೆ ತಿಳಿಯಲಿಲ್ಲ.

ನೋಟರಿಗೆ ಹೋಗುವ ದಿನ ಬೆಳಿಗ್ಗೆ ಅವಳೂ ಗ್ರೋವರೂ ಮೂಲಪತ್ರ ತರಲು ಆಫೀಸಿಗೆ ಹೋದರು. ಫಬ್ರಿಸಿಯೊ ಪತ್ರಗಳ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ.

"ಮೊದ್ಲು ಶುಲ್ಕ ಅಮ್ಮ. ಆಮೇಲೆ ಪತ್ರ."

"ನೂರಕ್ಕೆ ಮೂರು ಕೊಡ್ತೀನಿ."

"ತಮಾಷೆ ಮಾಡ್ಬೇಡ. ಕನಿಷ್ಠ ಶುಲ್ಕಕ್ಕೆ ಸಹಿ ಹಾಕಿದೀಯ."

"ಹಾಕಿದೀನಿ. ಹೊರೋ ಕೂಲಿ ಅಂತ ಹಾಕಿದೀನಿ. ನೀವು ಹೊತ್ರಾ?"

"ನಾನು ಜಾಹೀರಾತು ಕೊಟ್ಟಿದೀನಿ. ಜನ ಕಳ್ಸಿದೀನಿ."

"ಕಳ್ಸಿದ್ರಿ. ಒಬ್ಬ ಮುದುಕನ್ನ ಕಳ್ಸಿದ್ರಿ, ಅವನು ನನ್ನ ಬೆನ್ನಿಗೆ ಉಚ್ಚೆ ಹೊಯ್ದ. ಅದಕ್ಕೂ ಎಂಟರಲ್ಲಿ ಒಂದು ಪಾಲು ತಗೊಳಿ."

ಪಕ್ಕದ ಮೇಜಿನವರು ತಿರುಗಿ ನೋಡಿದರು. ಫಬ್ರಿಸಿಯೊ ಮುಖ ಕೆಂಪಾಗಿ ಎದ್ದು ನಿಂತ.

"ಏಯ್, ಇದು ಸಂತೆ ಅಲ್ಲ. ದುಡ್ಡು ತಗೊಂಡು ಬಾ, ಪತ್ರ ತಗೊಂಡು ಹೋಗು. ಇಲ್ಲಾಂದ್ರೆ ಮನೆ ಅಲ್ಲೇ ಕೊಳೀಲಿ. ನಡಿ."

ನಿಕೊಲಾಸಾ ಬೆನ್ನಿನ ಗಂಟು ಬಿಚ್ಚಿದಳು. ಹೊರೆಬಟ್ಟೆಯನ್ನು ಅವನ ಮೇಜಿನ ಮುಂದೆ ನೆಲಕ್ಕೆ ಹಾಸಿದಳು. ಲಂಗ ಹರಡಿಕೊಂಡು ಅದರ ಮೇಲೆ ಕೂತಳು.

"ಕೊಡಲ್ಲ ಕಣೋ" ಎಂದಳು. "ನೀನು ಏನ್ ಮಾಡ್ತೀಯೋ ಮಾಡ್ಕೊ."

ಅಷ್ಟು ವರ್ಷ ಕೆಳಗಿನವರ ಮನೆಗಳಲ್ಲಿ ದುಡಿದವಳು. ಅಲ್ಲಿ ನಾಲ್ಕು ವರ್ಷದ ಮಗುವಿಗೂ ಅವಳು 'ನೀವು' ಅಂದಿದ್ದಳು. ಸೆಂಟು ಹಾಕಿದವನಿಗೆ 'ನೀನು' ಅಂದದ್ದು ಅದೇ ಮೊದಲು. ಬಾಯಿಗೆ ರುಚಿಯೆನಿಸಿತು. ಇನ್ನೊಂದು ಸಲ ಅಂದಳು.

"ನೀನು. ನಿನಗೇ ಹೇಳಿದ್ದು."

ಕಾವಲಿನವನು ಎಬ್ಬಿಸಲು ಬಂದ. ಸಿಮೆಂಟು ಮೂಟೆಯಂತೆ ಕೂತವಳನ್ನು ಎತ್ತಲು ಆಗಲಿಲ್ಲ. ಗ್ರೋವರ್ ಹೊರಗೆ ಹೋಗಿ ಬಸಿಲಿಯಾಗೆ ಫೋನು ಮಾಡಿದ.

ಆ ಊರಿನಲ್ಲಿ ರಸ್ತೆ ತಡೆಯುವುದು ಹಲ್ಲುಜ್ಜಿದಷ್ಟೇ ಸಹಜ. ಮಧ್ಯಾಹ್ನದೊಳಗೆ ಗಾಜಿನ ಬಾಗಿಲ ಮುಂದೆ ಮೂವತ್ತು ನಲವತ್ತು ಲಂಗಗಳು ಹರಡಿಕೊಂಡವು. ಜಲ್ಲಿ ಹೊರುವವರು, ಗಾರೆ ಕಲಸುವವರು, ಗುಡ್ಡದಲ್ಲಿ ಮಾರಾಟಕ್ಕಿಟ್ಟ ಮನೆಗಳ ಒಡತಿಯರು. ಬಸಿಲಿಯಾ ಗಂಜಿಯ ಹಂಡೆ, ಒಲೆ ಸಮೇತ ಇಳಿದು ಬಂದು ಬಾಗಿಲಿಗೆ ಅಡ್ಡವಾಗಿ ಒಲೆ ಹೂಡಿದಳು. ಗ್ರೋವರ್‌ನ ಬ್ಯಾಂಡಿನವರು ಬಂದರು. ಟ್ಯೂಬಾದ ಬಾಯನ್ನು ಬಾಗಿಲ ಸಂದಿಗೆ ಹಿಡಿದು ಊದಿದಾಗ ಒಳಗಿನ ಗಾಜುಗಳು ಕಂಪಿಸಿದವು, ಕ್ಯಾಲೆಂಡರು ಬಿತ್ತು. ಇಬ್ಬರು ಪೊಲೀಸರು ಬಂದರು, ಎಷ್ಟು ಹೊತ್ತು ಕೂರುತ್ತೀರಿ ಎಂದು ಕೇಳಿದರು, ಗೊತ್ತಿಲ್ಲ ಎಂದಾಗ ಗಂಜಿ ಕುಡಿದು ಎದುರು ಬದಿಗೆ ಹೋಗಿ ನಿಂತರು.

ಒಳಗೆ ಸಿಕ್ಕಿಬಿದ್ದ ಗುಮಾಸ್ತರಿಗೆ ಹಸಿವಾಯಿತು. ಒಬ್ಬ ಸಂದಿಯಿಂದ ಕೈ ಚಾಚಿ ಅರ್ಧ ಲೋಟ ಗಂಜಿ ಕೇಳಿದ. ಬಸಿಲಿಯಾ ಎರಡು ಲೋಟದ ದುಡ್ಡು ಕೇಳಿದಳು.

"ಅರ್ಧಕ್ಕೆ ಎರಡು ಲೋಟದ ರೇಟಾ?"

"ಲೋಟ ಸಣ್ಣದಾದ್ರೆ ನನ್ನ ಕೆಲಸ ಸಣ್ಣದಾಗ್ತದಾ ಸ್ವಾಮಿ? ಅದೇ ಜೋಳ, ಅದೇ ಒಲೆ, ಅದೇ ಸೌಟು. ಕನಿಷ್ಠ ಶುಲ್ಕ!"

ಹೆಂಗಸರು ನಕ್ಕ ನಗೆಗೆ ಪೊಲೀಸರೂ ನಕ್ಕರು. ನಿಕೊಲಾಸಾ ಮಾತ್ರ ಒಳಗೆ, ಮೇಜಿನ ಮುಂದೆ, ಹಾಗೆಯೇ ಕೂತಿದ್ದಳು. ಕಾಲು ಮಡಿಸಿ ಕೂತದ್ದಕ್ಕೆ ಮೊಣಕಾಲು ಬೆಂಕಿಯಾಗಿತ್ತು. ಎದ್ದರೆ ಮತ್ತೆ ಕೂರಲು ಬಿಡುವುದಿಲ್ಲ ಎಂದು ಗೊತ್ತಿತ್ತು. ಹೊರಗಿನವರು ಕೂಗುವುದು ಕೇಳುತ್ತಿತ್ತು. "ನೂರಕ್ಕೆ ಮೂರು! ನೂರಕ್ಕೆ ಮೂರು!"

ಅಷ್ಟರಲ್ಲಿ ಕಪ್ಪು ಕನ್ನಡಕದ ಒಬ್ಬ ಹೆಂಗಸು ಕಾರಿನಿಂದ ಇಳಿದಳು. ಕೆಳಗಿನ ಬಡಾವಣೆಯವಳು, ಮನೆ ಮಾರುವ ವಿಷಯಕ್ಕೆ ಬಂದವಳು. ಲಂಗಗಳನ್ನು ದಾಟುತ್ತ, ಕಾಲು ಎಲ್ಲಿಡುವುದೆಂದು ತಿಳಿಯದೆ ಬಾಗಿಲವರೆಗೆ ಬಂದು, ಗಾಜಿನೊಳಗೆ ಕಾಣುತ್ತಿದ್ದ ಆಫೀಸಿನ ಒಡತಿ ಮಿರ್ತಾಳನ್ನು ಕೂಗಿ ಕೇಳಿದಳು.

"ಏನ್ ಮಿರ್ತಾ ಇದು? ಇವರಿಗೆ ಏನ್ ಬೇಕಂತೆ?"

"ಅವರೂ ನೂರಕ್ಕೆ ಮೂರೇ ಕೊಡ್ತಾರಂತೆ, ಮೇಡಂ."

"ಮೂರಾ? ನಾನು ಎರಡಲ್ವಾ ಕೊಡ್ತಿರೋದು? ಇವರ್ಯಾಕೆ ಜಾಸ್ತಿ ಕೊಡೋಕೆ ಗಲಾಟೆ ಮಾಡ್ತಿದಾರೆ?"

ಬಸಿಲಿಯಾ ಸೌಟು ಕೆಳಗಿಟ್ಟಳು. ಆಮೇಲೆ ಎದೆ ಸೀಳುವಂತೆ ಕೂಗಿದಳು.

"ಎರಡು!"

"ಎರಡು! ಎರಡು!" ಟ್ಯೂಬಾ ಕೂಡ ಎರಡೆರಡು ಸಲ ಊದಿತು. ಕಪ್ಪು ಕನ್ನಡಕದವಳು ತಾನೇನು ಅಂದೆನೆಂದು ತಿಳಿಯದೆ ಕಾರಿಗೆ ಓಡಿದಳು.

ಮಿರ್ತಾ ಫಬ್ರಿಸಿಯೊನ ಮೇಜಿಗೆ ಬಂದಳು. ಪತ್ರಗಳನ್ನು ಅವನ ಕೈಯಿಂದ ಕಿತ್ತು ನಿಕೊಲಾಸಾಳ ಮಡಿಲಿಗೆ ಎಸೆದಳು.

"ಎರಡೇ ಕೊಡು, ತೊಲಗು. ಆದ್ರೆ ನಿನಗೊಬ್ಬಳಿಗೇ. ಇವತ್ತಿಂದ ನಿಮ್ಮ ಗುಡ್ಡದ ಒಂದು ಮನೇನೂ ಈ ಆಫೀಸಿಗೆ ಬರಕೂಡದು. ನಿಮ್ಮ ಮನೆ ಯಾರು ಮಾರ್ತಾರೋ ನೋಡ್ತೀನಿ."

ನಿಕೊಲಾಸಾ ಮೇಜು ಹಿಡಿದುಕೊಂಡು ಎದ್ದಳು. ಎರಡು ಮೊಣಕಾಲೂ ಲಟಲಟ ಎಂದವು.

"ಈವರೆಗೆ ಯಾವಾಗ ಮಾರಿದ್ರಿ ನೀವು?" ಎಂದಳು.

ನೂರಕ್ಕೆ ಎರಡರ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೊರಬಂದಳು. ಮಿನಿಬಸ್ಸಿನಲ್ಲಿ ಹೋಗುವಾಗ ಹೆಂಗಸರೆಲ್ಲ ಹಾಡುತ್ತಿದ್ದರು. ಬೆನಿತಾ ಎಂಬ ಗಾರೆಯವಳೊಬ್ಬಳೇ ಹಾಡಲಿಲ್ಲ. ಅವಳ ಮನೆಯೂ ಮಾರಾಟಕ್ಕಿತ್ತು, ಗಂಡನಿಗೆ ಶ್ವಾಸದ ಕಾಯಿಲೆ.

"ನಿಂದಾಯ್ತು ನಿಕೊಲಾಸಕ್ಕ. ನಂದು ಈಗ ಯಾರು ಮಾರ್ತಾರೆ?"

ಹಾಡು ನಿಂತಿತು. ನಿಕೊಲಾಸಾ ಬೆನಿತಾಳ ಕೈಯನ್ನು ಹಿಡಿದುಕೊಂಡಳು. ಸುಣ್ಣಕ್ಕೆ ಸುಲಿದ ಕೈ, ತನ್ನದರ ಹಾಗೆಯೇ.

ಮನೆ ಬಿಡುವ ದಿನ ಗ್ರೋವರ್‌ನ ಬ್ಯಾಂಡಿನವರು ಮಂಚ, ಪಾತ್ರೆ, ಕೋಳಿಗೂಡು ಎಲ್ಲ ಕೆಳಗೆ ರಸ್ತೆಯಲ್ಲಿ ನಿಂತ ಲಾರಿಗೆ ಇಳಿಸಿಕೊಟ್ಟರು. ಕೊನೆಗೆ ಅರೆಯುವ ಕಲ್ಲು ಒಂದು ಉಳಿಯಿತು. ಅಗಲವಾದ ಕಪ್ಪು ಕಲ್ಲು, ಅವಳ ಅಮ್ಮನದು. ಅದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ, ಬಟ್ಟೆಯಲ್ಲಿ ಕಟ್ಟಿ ಬೆನ್ನಿಗೇರಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಬಸಿಲಿಯಾ ಕೆಳಗಿನಿಂದ ಬಯ್ಯುತ್ತಿದ್ದಳು.

ನಡುವೆ ಒಬ್ಬ ಮೆಟ್ಟಿಲ ಮೇಲೆ ಕೂತು ಮೀನಿನಂತೆ ಬಾಯಿ ಬಿಡುತ್ತಿದ್ದ. ಫಬ್ರಿಸಿಯೊ. ಸೆಂಟು ಇರಲಿಲ್ಲ. ಚೂಪು ಬೂಟಿನ ಬದಲು ಹಳೆ ಕ್ಯಾನ್ವಾಸ್ ಬೂಟು.

"ಏನಪ್ಪ, ಸ್ಪೇನ್‌ಗೆ ದಾರಿ ತಪ್ತಾ?" ಎಂದಳು ನಿಕೊಲಾಸಾ.

"ಕೆಲಸದಿಂದ ತೆಗೆದುಬಿಟ್ರು ನಿಕೊಲಾಸಮ್ಮ." ಅವನು ಉಸಿರಿಗೆ ಕಾದ. "ನಿಮ್ಮಾಣೆ, ಆ ಕನಿಷ್ಠ ಶುಲ್ಕದಲ್ಲಿ ನನ್ನ ಕೈಗೆ ಬರ್ತಿದ್ದಿದ್ದು ಚೂರೇ ಚೂರು. ಉಳಿದಿದ್ದೆಲ್ಲ ಮಿರ್ತಾ ಮೇಡಂಗೆ. ಈಗ ನಾನೇ ಸ್ವಂತ ಮಾಡ್ತೀನಿ. ಈ ಗುಡ್ಡದಲ್ಲಿ ಇಷ್ಟು ಮನೆ ಐತಲ್ಲ. ನೀವೊಂದು ಮಾತು ಹೇಳಿ ನಿಮ್ಮೋರಿಗೆ. ನೂರಕ್ಕೆ ಮೂರು. ಮೂರೇ. ನಾನೇ ಹತ್ತಿ ತೋರಿಸ್ತೀನಿ."

ನಿಕೊಲಾಸಾ ಅವನನ್ನು ನೋಡಿದಳು. ತುಟಿ ಒಣಗಿತ್ತು, ಅಂಗಿಯ ಕಾಲರು ಸವೆದಿತ್ತು. ಅಯ್ಯೋ ಎನ್ನಿಸಿತು. ಟೀ ತಟ್ಟೆಯೂ ನೆನಪಾಯಿತು. ಎರಡೂ ಒಟ್ಟಿಗೆ ಬಂದವು, ಯಾವುದೂ ಹಿಂದೆ ಸರಿಯಲಿಲ್ಲ. ಅವಳು ತಿರುಗಿ, ಗಂಟು ಬಿಚ್ಚಿ, ಕಲ್ಲನ್ನು ಮೆಟ್ಟಿಲ ಮೇಲಿಟ್ಟಳು.

"ಏಳು. ತಿರುಗು."

"ಯಾಕೆ?"

"ತಿರುಗು ಅಂದೆ."

ಅವನು ತಿರುಗಿದ. ಕಲ್ಲನ್ನು ಅವನ ಬೆನ್ನಿಗೆ ಹೊಂದಿಸಿ, ಬಟ್ಟೆಯ ತುದಿಗಳನ್ನು ಎದೆಯ ಮೇಲೆ ತಂದು, ಬಿಗಿಯಾಗಿ ಗಂಟು ಹಾಕಿದಳು. ಫಬ್ರಿಸಿಯೊ ಮುಂದಕ್ಕೆ ಬಾಗಿದ. ಕಾಲು ಅಗಲಿಸಿದ. ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ, ಗೋಡೆ ಹಿಡಿದುಕೊಂಡು ನಿಂತ.

"ಇದಕ್ಕೆ ಕೂಲಿ ಎಷ್ಟು ಕೊಡ್ತೀರಿ?" ಎಂದ ನರಳುತ್ತ.

"ನೂರಕ್ಕೆ ಮೂರು."

"ಯಾವುದ್ರಲ್ಲಿ ನೂರಕ್ಕೆ ಮೂರು?"

"ಕಲ್ಲಲ್ಲಿ" ಎಂದಳು ನಿಕೊಲಾಸಾ. "ನಡಿ, ಬೆನಿತಾ ಮನೆ ಕೆಳಗಡೆ ಐತೆ. ಹೊತ್ಕೊಂಡು ಅಲ್ಲೀವರೆಗೆ ಬಾ. ಬಂದ್ರೆ ಮಾತಾಡೋಣ."